ನೀಲಮ್ಮಣ್ಣಿಯವರ ಹೆಸರು ತೆಗೆದವನು

ಆ ಮಧ್ಯಾಹ್ನ ಏನೇನು ಕೆಡಬಹುದಿತ್ತು ಎಂದು ನಾನು ಮೊದಲೇ ಯೋಚಿಸಿ ಇಟ್ಟುಕೊಂಡಿದ್ದೆ. ಟೇಪು ಮೆಷಿನ್ನಿನೊಳಗೆ ಸಿಕ್ಕಿಕೊಂಡು ಶ್ಯಾವಿಗೆಯಂತೆ ಹೊರಗೆ ಬರಬಹುದು. ನಾಯಕನ ಮುಖದ ಮೇಲೆ ಗೆರೆ ಬೀಳಬಹುದು, ಆ ಸಿಟ್ಟನ್ನು ಅವನು ನನ್ನ ಮುಖದ ಮೇಲೆ ತೀರಿಸಿಕೊಳ್ಳಬಹುದು. ಕರೆಂಟು ಹೋಗಿ, ಜನರೇಟರಿನಲ್ಲಿ ಡೀಸೆಲ್ ಇಲ್ಲದಿರಬಹುದು. ಸೋಪಿನ ಜಾಹೀರಾತಿನ ನಡುವೆ ಹೆಣದ ದೃಶ್ಯ ನುಗ್ಗಬಹುದು. ಸಂಚಿಕೆಗಳು ಅದಲುಬದಲಾಗಿ, ನಿನ್ನೆ ಸತ್ತ ಅತ್ತೆ ಇವತ್ತು ಎದ್ದು ಬಂದು ಕಾಫಿ ಕುಡಿಯಬಹುದು. ನನ್ನ ಕೆಲಸ ಹೋಗಬಹುದು. ಹನೂರಿಗೆ ವಾಪಸು ಬಂದು ಅಪ್ಪನ ಎದುರು ನಿಲ್ಲಬೇಕಾಗಬಹುದು — ಇವುಗಳಲ್ಲಿ ಒಂದೂ ಆಗಲಿಲ್ಲ. ಟೇಪು ಸಲೀಸಾಗಿ ಓಡಿತು, ಕರೆಂಟು ಇತ್ತು, ಸತ್ತ ಅತ್ತೆ ಸತ್ತೇ ಇದ್ದಳು. ಕೆಟ್ಟದ್ದು ಒಂದೇ, ಅದೂ ಕಣ್ಣು ಮಿಟುಕಿಸುವಷ್ಟು ಚಿಕ್ಕದು: ಧಾರಾವಾಹಿಯ ಶುರುವಿನಲ್ಲಿ ಬರುತ್ತಿದ್ದ ಒಂದು ಹೆಸರು ಇಲ್ಲವಾಯಿತು.

ಇಲ್ಲವಾಯಿತು — ನೋಡಿ, ಇಷ್ಟು ವರ್ಷದ ಮೇಲೂ ಕೈ ಹೇಗೆ ನುಣುಚಿಕೊಳ್ಳುತ್ತದೆ! ಅದು ತಾನಾಗಿ ಇಲ್ಲವಾಗಲಿಲ್ಲ. ನಾನು ತೆಗೆದೆ. ತೆಗೆದದ್ದು ಸಾಲದೆಂದು, ಬೇರೆಯವರು ತೆಗೆಸಿದರು ಎಂದು ಸುಳ್ಳು ಹೇಳಿದೆ.

ಆ ಹೆಸರು ಧನಗೆರೆ ನೀಲಮ್ಮಣ್ಣಿಯವರದು. ನೀವು ಕೇಳಿಲ್ಲದಿದ್ದರೆ ತಪ್ಪು ನಿಮ್ಮದಲ್ಲ. ಕನ್ನಡದ ಧಾರಾವಾಹಿ ಇನ್ನೂ ಅಂಬೆಗಾಲಿಡುತ್ತಿದ್ದಾಗ ಅದಕ್ಕೆ ಮಾತು ಕಲಿಸಿದ ಕೆಲವೇ ಜನರಲ್ಲಿ ಅವರೊಬ್ಬರು. 'ಗೂಡಿನ ಮನೆ' ಎಂದು ಒಂದು ಬರುತ್ತಿತ್ತು, ರೇಷ್ಮೆ ಹುಳು ಸಾಕುವ ಒಂದು ಮನೆಯ ಕಥೆ. ಅದಕ್ಕೂ ಮೊದಲು ಟಿವಿಯ ಹಳ್ಳಿಗರೆಲ್ಲ ಪಠ್ಯಪುಸ್ತಕ ಓದುವಂತೆ ಮಾತಾಡುತ್ತಿದ್ದರು. ಗದ್ದೆಯ ಬದುವಿನ ಮೇಲೆ ನಿಂತು 'ಏಕೆ, ಏನಾಯಿತು?' ಎನ್ನುತ್ತಿದ್ದರು. ನೀಲಮ್ಮಣ್ಣಿ ನಮ್ಮ ಕೊಳ್ಳೇಗಾಲದ ಸೀಮೆಯ ಮಾತನ್ನು ಮಣ್ಣು ಕೂಡ ಕೊಡವದೆ ತಂದು ಅಲ್ಲಿ ಕೂರಿಸಿದರು. "ಉಳ ಗೂಡ್ ಕಟ್ಟೋ ಒತ್ನಲ್ಲಿ ಜಗಳ ಆಡಬ್ಯಾಡ್ರಿ, ಈಚ್ಗ್ ನಡೀರಿ" ಎಂದು ಅದರಲ್ಲಿ ಒಂದು ಮಾತು ಬರುತ್ತದೆ. ಆಗ ಬಸ್ಸಿನಲ್ಲಿ ಸೀಟಿಗೆ ಜಗಳವಾದರೆ ಕಂಡಕ್ಟರು ಅದನ್ನೇ ಹೇಳಿ ನಗಿಸುತ್ತಿದ್ದ. ಗುಲ್ಬರ್ಗದ ಕಡೆಯವರೂ ಹೇಳುತ್ತಿದ್ದರಂತೆ. ಮಾತು ಎಲ್ಲರಿಗೂ ಗೊತ್ತಿತ್ತು. ಬರೆದವರು — ಅದು ಬೇರೆ ವಿಷಯ.

ಮೊನ್ನೆ ಅವರು ತೀರಿಕೊಂಡರು. ಕೊಳ್ಳೇಗಾಲದ ಮನೆಯಲ್ಲಿ, ಬೆಳಿಗ್ಗೆ, ಕಾಫಿ ಆರಿಹೋಗಿದೆ ಎಂದು ಬೈಯುತ್ತಿದ್ದವರು ಬೈಗುಳವನ್ನು ಅರ್ಧಕ್ಕೇ ಬಿಟ್ಟರು. ಕೊನೆಯವರೆಗೂ ನೋಡಿಕೊಂಡವಳು ಅವರ ಅಣ್ಣನ ಮಗಳು ಮಂಗಳ. ಯಳಂದೂರಿನ ಹೈಸ್ಕೂಲಿನಲ್ಲಿ ಟೀಚರು. ಅವಳು ಮೊದಲು ಫೋನು ಮಾಡಿದ್ದು ನನಗೆ. ಬಸ್ ಸ್ಟ್ಯಾಂಡಿನ ಹತ್ತಿರ ನನ್ನದೊಂದು ವಿಡಿಯೋ ಸ್ಟುಡಿಯೋ ಇದೆ. ಮದುವೆ, ಗೃಹಪ್ರವೇಶ ಮಿಕ್ಸಿಂಗು. ತಾಳಿ ಕಟ್ಟುವ ಹೊತ್ತಿಗೆ ಬ್ಯಾಟರಿ ಹೋದರೆ ಎಂದು ಎರಡು ಬ್ಯಾಟರಿ ಜೇಬಿನಲ್ಲಿಟ್ಟುಕೊಂಡು ಮೂರನೆಯದು ತರಲಿಲ್ಲವಲ್ಲ ಎಂದು ಕೊರಗುವ ಪೈಕಿ ನಾನು.

"ಮಾದೇಶಣ್ಣ, ಟಿವಿಯವ್ರಿಗೆ ನೀವೇ ಏಳ್ಬೇಕು" ಎಂದಳು ಮಂಗಳ. "ನಿಮ್ಗೆ ಅಲ್ಲಿ ಎಲ್ಲಾ ಗೊತ್ತಲ್ಲ. ಅತ್ತೆ ಎಸ್ರು ಒಂದ್ಸಲ ಆದ್ರೂ ಸರಿಯಾಗ್ ಬರ್ಲಿ. ಅಷ್ಟೇ ಸಾಕು."

ಅಷ್ಟೇ ಸಾಕು. ಅವಳು ಕೇಳಿದ್ದು ಅಷ್ಟೇ.

ನಾನು ಒಂದು ಕಾಲದಲ್ಲಿ ಕೆಲಸ ಮಾಡಿದ್ದ ಚಾನೆಲ್ಲಿಗೇ ಫೋನು ಮಾಡಿದೆ. 'ಗೂಡಿನ ಮನೆ' ಬಂದದ್ದು ಅದರಲ್ಲೇ. ಆ ಧಾರಾವಾಹಿಯ ಹೆಸರಿನಲ್ಲಿ ಜಾಹೀರಾತು ತಂದು, ಬಾಡಿಗೆ ಮನೆಯಿಂದ ಸ್ವಂತ ಕಟ್ಟಡಕ್ಕೆ ಹೋದ ಚಾನೆಲ್ಲು. ನ್ಯೂಸ್ ಡೆಸ್ಕಿನ ಹುಡುಗಿ ಒಳ್ಳೆಯವಳೇ, ಸೌಜನ್ಯದಿಂದಲೇ ಕೇಳಿದಳು.

"ವಿಷುವಲ್ ಇದ್ಯಾ ಸರ್?"

"ಮನೆ ಮುಂದೆ ಇಟ್ಟಿದ್ದಾರಮ್ಮ. ನಾನೇ ಶೂಟ್ ಮಾಡಿ ಕಳಿಸ್ತೀನಿ."

"ಅದಲ್ಲ ಸರ್. ಮುಖ ಗೊತ್ತಿರೋರು ಯಾರಾದ್ರೂ ಬಂದಿದಾರಾ?"

ನಾನು ಸುತ್ತ ನೋಡಿದೆ. ಧನಗೆರೆಯಿಂದ ಟ್ರ್ಯಾಕ್ಟರಿನಲ್ಲಿ ಬಂದವರು, ಪಕ್ಕದ ಮನೆಯ ಟೈಲರು, ಮಾರ್ಟಳ್ಳಿಯಿಂದ ಬೆಳಗಿನ ಬಸ್ಸು ಹಿಡಿದು ಬಂದಿದ್ದ ಒಬ್ಬ ಹಳೆಯ ಮೇಕಪ್ ಹೆಂಗಸು. "ಬಂದಿರೋರೆಲ್ಲ ನನಗೆ ಗೊತ್ತಿರೋ ಮುಖಗಳೇ" ಎಂದೆ.

ಸಂಜೆ, ಧನಗೆರೆಯ ಹೊಲದಲ್ಲಿ ಮಣ್ಣು ಮಾಡಿ ಬಂದು, ಸ್ನಾನ ಮುಗಿಸಿ, ಎಲ್ಲರೂ ನೀಲಮ್ಮಣ್ಣಿಯವರ ಅಣ್ಣನ ಮನೆಯ ನಡುಮನೆಯಲ್ಲಿ ಟಿವಿ ಮುಂದೆ ಕೂತೆವು. ಅಳುವ ಮನೆಯಲ್ಲಿ ಟಿವಿ ಹಾಕಬಾರದು ಎಂದು ಒಬ್ಬರೂ ಅನ್ನಲಿಲ್ಲ. ಮಕ್ಕಳನ್ನು ಮುಂದೆ ಕೂರಿಸಿದ್ದರು, ಅಜ್ಜಿ ಬರುತ್ತಾಳೆ ಎಂದು.

"ಎಲ್ಲಪ್ಪ ನಮ್ಮಮ್ಮಣ್ಣಿ?"

"ತಡೀರ್ಲಾ, ಜಾಯಿರಾತು ಮುಗೀಲಿ."

"ಇದೇನ್ ಇದು, ಅಲ್ಲುಜ್ಜೋದು ಮುಗುದ್ರೆ ಬಟ್ಟ ಒಗೆಯೋದು, ಬಟ್ಟ ಆದ್ರೆ ಪಾತ್ರ ಬೆಳಗೋದು. ಸತ್ತೋರ್ ಮನೆ ಸೂತಕ ತೆಗೆಯಾಕ್ ಕುಂತವ್ರಾ ಇವ್ರು?"

ಬಂತು. ಪರದೆಯ ಕೆಳಗಿನ ಪಟ್ಟಿಯಲ್ಲಿ, ಚಿನ್ನದ ದರಕ್ಕೂ ಕ್ರಿಕೆಟ್ ಸ್ಕೋರಿಗೂ ನಡುವೆ: 'ಕಿರುತೆರೆ ಹಿರಿಯ ಲೇಖಕಿ ನಿಧನ'. ಓಡುತ್ತಾ ಬಂದು ಓಡುತ್ತಾ ಹೋಯಿತು. ಹೆಸರಿಲ್ಲ! ಯಾವ ಲೇಖಕಿ, ಯಾವ ಊರು, ಏನು ಬರೆದರು — ಸತ್ತವರು ಯಾರು ಎಂದು ಹೇಳದ ಸಾವಿನ ಸುದ್ದಿಯನ್ನು ನಾನು ಅದೇ ಮೊದಲು ನೋಡಿದ್ದು. ಅನಾಥ ಶವಕ್ಕೂ ಪೊಲೀಸರು ಅಂದಾಜು ವಯಸ್ಸು, ಉಟ್ಟ ಬಟ್ಟೆಯ ಬಣ್ಣ ಹೇಳುತ್ತಾರಲ್ಲ.

ಆಮೇಲೆ ಬಂದದ್ದು ಇನ್ನೂ ಚೆಂದ. 'ಗೂಡಿನ ಮನೆ'ಯ ನಾಯಕ ನಟನನ್ನು ಹಿಡಿದಿದ್ದರು. ಹಿಂದೆ ಕೊಳಲು. ಮೂಲೆಯಲ್ಲಿ ಉರಿಯುವ ಒಂದು ದೀಪದ ಚಿತ್ರ. ಆತ ಕಣ್ಣು ಒರೆಸಿಕೊಂಡು ತನ್ನ ಬಗ್ಗೆ ಮಾತಾಡಿದ. ತಾನು ಹೇಗೆ ಆ ಪಾತ್ರದೊಳಗೆ ಇಳಿದೆ, ಹೇಗೆ ಜನ ತನ್ನ ಕಾರು ನಿಲ್ಲಿಸಿ ಕೈ ಮುಗಿಯುತ್ತಿದ್ದರು. "ಆ ಭಾಷೆ ಇದೆಯಲ್ಲ, ಅದು ನನ್ನ ಬಾಯಿಗೆ ತಾನಾಗೇ ಬರ್ತಿತ್ತು. ಎಷ್ಟೋ ಡೈಲಾಗು ಸೆಟ್ಟಿನಲ್ಲಿ ನಾನೇ ಹೇಳಿದ್ದು." ನಿರೂಪಕಿ ತಲೆಯಾಡಿಸಿದಳು: ಹಳ್ಳಿಯ ಸೊಗಡನ್ನು ಕಿರುತೆರೆಗೆ ತಂದ ಕಲಾವಿದ ನೀವು. ಆ ಹುಳದ ಮಾತಿನ ತುಣುಕನ್ನೂ ತೋರಿಸಿದರು, ಕೆಳಗೆ ಅವನ ಹೆಸರು ಹಾಕಿ.

"ಇವ್ನ್ ಬಾಯ್ಗೆ ತಾನಾಗೇ ಬತ್ತಿತ್ತಾ?" ಎಂದರು ಗೋಡೆಗೆ ಒರಗಿದ್ದ ಅಣ್ಣ ಬಸವಣ್ಣನವರು. "ಸೂಟಿಂಗ್ಗೆ ಅಂತ ನಮ್ಮನೆಗೆ ಬಂದಿದ್ದಾಗ ಇವ್ನ್ಗೆ ಮುದ್ದೆ ನುಂಗಾಕೂ ಬತ್ತಿರ್ನಿಲ್ಲ. ಅಗೀತಿದ್ದ! ಅದ್ನೂ ನಮ್ಮಮ್ಮಣ್ಣಿಯೇ ಏಳ್ಕೊಟ್ಳು."

ನಗು ಬಂತು, ನಗುವಿನ ಹಿಂದೆಯೇ ಮತ್ತೆ ಅಳು. ಮುಂದೆ ಕೂತ ಮಗುವೊಂದು ತಿರುಗಿ, "ಅಜ್ಜಿ ಬರ್ನೇ ಇಲ್ವಲ್ಲಾ" ಎಂದಿತು.

ನಾನು ಎದ್ದು ನಿಂತೆ. ನನಗೆ ಬಂದ ಸಿಟ್ಟು ಸುಳ್ಳಲ್ಲ — ಅದನ್ನು ಈಗಲೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ನಟ ಸತ್ತರೆ ಇಡೀ ದಿನ ಪರದೆ ಕಪ್ಪುಬಿಳುಪು. ರಾಜಕಾರಣಿ ಸತ್ತರೆ ಹೆಣದ ಗಾಡಿಯ ಹಿಂದೆ ಚಾನೆಲ್ಲಿನ ಗಾಡಿ. ಅವನು ಕೊನೆಯ ಬಾರಿ ತಿಂದ ಇಡ್ಲಿಯ ಹೋಟೆಲಿಗೂ ಕ್ಯಾಮೆರಾ ಹೋಗುತ್ತದೆ. ಬರೆದವರು ಸತ್ತರೆ? ಬರೆದವರಿಗೆ ಮುಖವಿಲ್ಲ, ಆದ್ದರಿಂದ ಸಾವೂ ಇಲ್ಲ. ಇವರು ವರ್ಷಗಟ್ಟಲೆ ತಿಂದ ಅನ್ನ ಯಾರೋ ಕೂತು ಬೇಯಿಸಿದ್ದು ಎಂಬ ನೆನಪೇ ಇಲ್ಲವಲ್ಲ! ತಟ್ಟೆಯಲ್ಲಿ ಬಡಿಸಿದವನ ಕೈಗೆ ಹೂವಿನ ಹಾರ. ಹೀಗೆಲ್ಲ ಕೂಗಾಡಿದೆ. ಬಸವಣ್ಣನವರು ನನ್ನ ಭುಜದ ಮೇಲೆ ಕೈಯಿಟ್ಟರು. ಮಂಗಳ ಹೇಳಿದಳು: "ಬುಡಿ ಮಾದೇಶಣ್ಣ. ಅವತ್ತೇ ಎಸ್ರು ಕಿತ್ತಾಕಿದ ಜನ, ಇವತ್ತು ಆಕ್ತಾರಾ?"

ಆ ಮಾತು ಬಂದದ್ದೇ ಕೂಗಾಟ ನಿಲ್ಲಿಸಿ ಬಾಗಿಲ ಕಡೆ ತಿರುಗಿದೆ. ದುಃಖಕ್ಕೆ ಎಂದುಕೊಂಡರು ಎಲ್ಲರೂ.

ಹೊರಗೆ ಜಗಲಿಗೆ ಬಂದು ಮತ್ತೆ ಡೆಸ್ಕಿಗೆ ಫೋನು ಮಾಡಿ ಬೈದೆ. ಆ ಹುಡುಗಿ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಹೇಳಿದಳು: "ಸರ್, ನಾವೂ ನೋಡ್ದೆ ಹಾಕಲ್ಲ. ನಮ್ಮ ಲೈಬ್ರರಿಯಲ್ಲಿರೋ 'ಗೂಡಿನ ಮನೆ' ತೆಗೆದು ಟೈಟಲ್ ಕಾರ್ಡ್ ಎಲ್ಲಾ ನೋಡಿದ್ವಿ. ಅವರ ಹೆಸರೇ ಇಲ್ಲ. ನಿರ್ದೇಶಕರದ್ದಿದೆ, ಕ್ಯಾಮೆರಾದ್ದಿದೆ, ಸೀರೆ ಕೊಟ್ಟ ಅಂಗಡಿದೂ ಇದೆ. ಇವರೇ ಬರೆದಿದ್ದು ಅಂತ ಯಾರ್ ಹೇಳ್ತಾರೆ ಸರ್? ಹೀರೋನ ಕೇಳಿದ್ರೆ, ಸುಮಾರು ಜನ ಸೇರಿ ಬರೆದಿದ್ದು ಅಂದ್ರು. ಯಾರ ಹೆಸರು ಅಂತ ಹಾಕೋಣ?"

ಸೀರೆ ಕೊಟ್ಟ ಅಂಗಡಿ. ಹೌದು, ಅದನ್ನು ನಾನು ಉಳಿಸಿದ್ದೆ.

"ಆಯ್ತಮ್ಮ, ಆಮೇಲೆ ಮಾಡ್ತೀನಿ" ಎಂದು ಫೋನಿಟ್ಟೆ. ಅಷ್ಟು ಹೊತ್ತು ಉರಿದ ಬಾಯಿ! ಒಳಗಿನಿಂದ ಯಾರೋ, "ಸರ್ಯಾಗ್ ಬೈದ ಕಣ್ರಿ ನಮ್ ಮಾದೇಸ" ಎನ್ನುತ್ತಿದ್ದರು.

ಈಗ ಹೇಳುತ್ತೇನೆ.

ನನ್ನನ್ನು ಆ ಚಾನೆಲ್ಲಿಗೆ ಸೇರಿಸಿದವರು ನೀಲಮ್ಮಣ್ಣಿಯೇ. ಹನೂರಿನ ಒಂದು ಫೋಟೋ ಸ್ಟುಡಿಯೋದಲ್ಲಿ ಫಿಲಂ ತೊಳೆಯುತ್ತಿದ್ದೆ. ಅವರು ಏನಕ್ಕೋ ಬಂದವರು, ನನ್ನ ಗಾಬರಿಯನ್ನು ನೋಡಿ ನಕ್ಕು, ಕರೆದುಕೊಂಡು ಹೋಗಿ ಪ್ರೊಡ್ಯೂಸರ್ ಸದಾನಂದ ಸರ್ ಎದುರು ನಿಲ್ಲಿಸಿದರು. "ಇವ್ನು ನಮ್ ಕಡೆ ಉಡ್ಗ. ಎಲ್ಲಾದ್ಕೂ ಎದುರ್ತಾನೆ, ಅದ್ಕೇ ಯಾವ್ದೂ ಕೆಡ್ಸಕಿಲ್ಲ. ಇಟ್ಕಳಿ." ಹಾಗೆ ಎಡಿಟಿಂಗ್ ಕಲಿತೆ.

ಧಾರಾವಾಹಿ ಮುಗಿದ ಕೆಲವು ವರ್ಷದ ಮೇಲೆ ಅದನ್ನೇ ಮಧ್ಯಾಹ್ನಕ್ಕೆ ಮತ್ತೆ ಹಾಕಲು ಹೊರಟರು. ಜಾಹೀರಾತು ಜಾಸ್ತಿ ಬಂದಿತ್ತು. ಶುರುವಿನ ಹಾಡು ಚಿಕ್ಕದಾಗಬೇಕು. ಹಾಡಿನ ಮೇಲೆ ಒಂದಾದ ಮೇಲೊಂದು ಹೆಸರು ಬರುತ್ತಿದ್ದುದರಿಂದ ಒಂದು ಹೆಸರಿನ ಕಾರ್ಡು ಹೋಗಬೇಕು. ಸದಾನಂದ ಸರ್ ಅವಸರದಲ್ಲಿದ್ದರು. "ಯಾವುದಾದರೂ ಒಂದು ತೆಗಿ, ಗಲಾಟೆ ಆಗದ ಹಾಗೆ ನೋಡ್ಕೋ" ಎಂದು ಹೋದರು. ಯಾರದ್ದು ಎಂದು ಹೇಳಲಿಲ್ಲ.

ಗಲಾಟೆ ಆಗದ ಹಾಗೆ — ಇದಕ್ಕಿಂತ ಒಳ್ಳೆಯ ಕೆಲಸ ನನ್ನಂಥ ಹೆದರುಪುಕ್ಕಲನಿಗೆ ಯಾರು ಕೊಡುತ್ತಾರೆ? ಒಂದೊಂದೇ ಕಾರ್ಡು ನಿಲ್ಲಿಸಿ ಯೋಚಿಸಿದೆ. ನಾಯಕನದು ತೆಗೆದರೆ ಚಪ್ಪಲಿ ಬೀಳುತ್ತದೆ. ನಿರ್ದೇಶಕರು ಯೂನಿಯನ್ನಿನಲ್ಲಿದ್ದಾರೆ. ಕ್ಯಾಮೆರಾದವನು ದಿನಾ ಎದುರು ಸಿಗುತ್ತಾನೆ. ಸೀರೆ ಅಂಗಡಿಯವನು ಸೀರೆ ಕೊಡುವುದಿಲ್ಲ. ಉಳಿದದ್ದು 'ಕಥೆ, ಸಂಭಾಷಣೆ'. ನೀಲಮ್ಮಣ್ಣಿ. ಅವರು... ನಮ್ಮವರು. ನಮ್ಮೂರ ಕಡೆಯವರು. ಏನೂ ಅಂದುಕೊಳ್ಳುವುದಿಲ್ಲ.

ಮದುವೆ ಮನೆಯಲ್ಲಿ ಎಲೆ ಕಡಿಮೆ ಬಿದ್ದರೆ ನಾವು ಹೊರಗಿನವರನ್ನು ಎಬ್ಬಿಸುವುದಿಲ್ಲ. ಸ್ವಂತ ಅಕ್ಕನನ್ನೇ "ನೀ ಆಮೇಲ್ ಕುಂತ್ಕೊ" ಎಂದು ಕೈ ಹಿಡಿದು ಎಬ್ಬಿಸುತ್ತೇವೆ. ಅವಳಿಗೆ ಹಸಿವಿಲ್ಲವೆಂದಲ್ಲ. ಅವಳು ನಮ್ಮವಳು, ಅದಕ್ಕೆ. ನಾನು ಮಾಡಿದ್ದು ಅದೇ. ಪ್ರೀತಿ ಇತ್ತಲ್ಲ, ಆ ಧೈರ್ಯದ ಮೇಲೆ ಅವರನ್ನೇ ಪಂಕ್ತಿಯಿಂದ ಎಬ್ಬಿಸಿದೆ. ಎಬ್ಬಿಸಿದ ಎಲೆ ಮತ್ತೆ ಹಾಕಲೇ ಇಲ್ಲ. ಆಗೆಲ್ಲ ಟೇಪು ದುಬಾರಿ ಎಂದು ಹಳೆಯದನ್ನು ಅಳಿಸಿ ಹೊಸ ಕಾರ್ಯಕ್ರಮ ತುಂಬುವುದು ರೂಢಿ. ಮೊದಲಿನ ಟೇಪುಗಳು ಹಾಗೇ ಹೋದವು. ನಾನು ಕತ್ತರಿಸಿದ್ದೇ ಉಳಿಯಿತು. ಅವರು ಬರೆದುಕೊಟ್ಟ ಹಾಳೆಗಳು? ಸೆಟ್ಟಿನಲ್ಲಿ ಅದರ ಮೇಲೆ ಕೂತು ಊಟ ಮಾಡಿದರು.

ಒಂದು ದಿನ ಮಧ್ಯಾಹ್ನ ಅವರು ಯಾರ ಮನೆಯಲ್ಲೋ ನೋಡಿ, ಎಡಿಟಿಂಗ್ ರೂಮಿಗೆ ನೇರ ಬಂದರು. ಬಾಗಿಲಲ್ಲೇ ನಿಂತು ಕೇಳಿದರು.

"ಲೇ ಮಾದೇಸ, ನನ್ ಎಸ್ರು ಎಲ್ಲೋಯ್ತು ಕಣ್ಲಾ?"

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಕನ್ನಡಕ ಎಲ್ಲಿಟ್ಟೆ ಎಂದು ಕೇಳುವಂತಿತ್ತು. ಆಗ ನಾನು 'ನಾನೇ ತೆಗೆದೆ ಅಮ್ಮಣ್ಣಿ, ತಪ್ಪಾಯಿತು' ಎಂದಿದ್ದರೆ ತಲೆಗೊಂದು ಮೊಟಕಿ, ಮರುದಿನ ಹಾಕಿಸುತ್ತಿದ್ದರು. ಖಂಡಿತ. ಅಷ್ಟೇ ಆಗುತ್ತಿತ್ತು.

"ಮೇಲಿನವರು ತೆಗೆಸಿದ್ರು ಅಮ್ಮಣ್ಣಿ. ಸದಾನಂದ ಸರ್."

ಪೂರ್ತಿ ಸುಳ್ಳಾಗಿದ್ದರೆ ಅದು ಅಷ್ಟು ಕೆಲಸ ಮಾಡುತ್ತಿರಲಿಲ್ಲ. ತೆಗಿ ಎಂದದ್ದು ಅವರೇ ತಾನೆ ಎಂದು ನನಗೆ ನಾನೇ ಹೇಳಿಕೊಂಡೆ. ಎಷ್ಟೋ ವರ್ಷ ಹೇಳಿಕೊಂಡೆ. ನೀಲಮ್ಮಣ್ಣಿ ಬಾಗಿಲಿಂದಲೇ ತಿರುಗಿ ಹೋದರು. ಅವತ್ತೇ ಸದಾನಂದ ಸರ್ ಕೋಣೆಯಲ್ಲಿ ದೊಡ್ಡ ಜಗಳವಾಯಿತು. ಅವರು, ನಾನು ಹೇಳಿಲ್ಲ ಎಂದರು. ಇವರು, ಸುಳ್ಳ ಎಂದರು. ಒಪ್ಪಿಕೊಂಡಿದ್ದ ಮುಂದಿನ ಧಾರಾವಾಹಿಯನ್ನು ಅಲ್ಲೇ ಬಿಟ್ಟು ಬಂದರು. ಊರಿಗೆ ಬಂದವರು ಮತ್ತೆ ಟಿವಿಗೆ ಒಂದು ಸಾಲನ್ನೂ ಬರೆಯಲಿಲ್ಲ.

ಹೆಚ್ಚು ಕಡಿಮೆ ಒಂದು ವರ್ಷ ಕಳೆದ ಮೇಲೆ ಸದಾನಂದ ಸರ್ ಅವರನ್ನು ಹುಡುಕಿಕೊಂಡು ಧನಗೆರೆಗೆ ಬಂದರು, ಮತ್ತೆ ಬರೆಸಬೇಕೆಂದು. ನನ್ನನ್ನೂ ಜೊತೆಗೆ ಕರೆತಂದಿದ್ದರು, ನಿಮ್ಮವನು ಹೇಳಿದರೆ ಕೇಳಿಯಾರು ಎಂದು. ಜಗಲಿಯ ಕೆಳಗೆ ನಿಂತೇ ಹೇಳಿದರು: "ಅಮ್ಮ, ನಿಮ್ಮ ಹೆಸರು ತೆಗಿ ಅಂತ ನಾನು ಹೇಳಿಲ್ಲ. ಬೇಕಾದರೆ ಇವನನ್ನೇ ಕೇಳಿ." ನೀಲಮ್ಮಣ್ಣಿ ನನ್ನ ಕಡೆ ನೋಡಿದರು.

ನಾನು ತಲೆ ತಗ್ಗಿಸಿದೆ. ಮಾತಾಡಲಿಲ್ಲ — ಮಾತಾಡುವ ಅಗತ್ಯವೂ ಬೀಳಲಿಲ್ಲ.

"ನೋಡಿ, ನಿಮ್ ಮುಂದೆ ಬಾಯ್ ಬುಡಾಕೂ ಎದುರ್ತಾನೆ" ಎಂದರು ಅವರು. "ನಮ್ ಉಡ್ಗ ನನ್ತಾವ ಸುಳ್ಳೇಳ್ದನಾ? ಓಗಿ ಸಾ. ಬಂದ ದಾರೀಲೇ ಓಗಿ."

ನಮ್ಮ ಕಡೆ ಬಾಗಿಲಿಗೆ ಬಂದವರಿಗೆ, ವೈರಿಯೇ ಆಗಲಿ, ಒಂದು ಚೊಂಬು ನೀರು ಕೊಡುತ್ತೇವೆ. ಅವತ್ತು ಆ ಮನೆಯಿಂದ ಒಬ್ಬ ಮನುಷ್ಯ ನೀರು ಕುಡಿಯದೆ ಹೋದ. ಒಳಗಿನಿಂದ ಚೊಂಬು ಹಿಡಿದು ಬಂದ ಮಂಗಳ, ಆಗ ಇನ್ನೂ ಕಾಲೇಜು ಹುಡುಗಿ, ಅತ್ತೆಯ ಮುಖ ನೋಡಿ ಹೊಸ್ತಿಲಲ್ಲೇ ನಿಂತಳು. ನನಗೆ ಮಾತ್ರ, "ನೀ ಕುಂತ್ಕಳ್ಲಾ, ಉಣ್ಕೊಂಡ್ ಓಗು" ಎಂದರು. ಕೂತೆ. ಉಂಡೆ. ಮುಂದೆ ಬೆಂಗಳೂರು ಬಿಟ್ಟು ಕೊಳ್ಳೇಗಾಲದಲ್ಲಿ ಅಂಗಡಿ ತೆರೆದ ಮೇಲೂ ಅವರ ಮನೆಯಲ್ಲಿ ಎಷ್ಟು ಸಲ ಉಂಡೆನೋ. ಉಣ್ಣುವಾಗಲೆಲ್ಲ ಹೇಳಬೇಕು ಅನ್ನಿಸುತ್ತಿತ್ತು. ಹೇಳಿದರೆ ಏನೇನಾಗಬಹುದು ಎಂದು ಯೋಚಿಸುವಷ್ಟರಲ್ಲಿ ಊಟ ಮುಗಿಯುತ್ತಿತ್ತು.

ಮಣ್ಣಾದ ಮರುದಿನ ಡೆಸ್ಕಿಗೆ ಮತ್ತೆ ಫೋನು ಮಾಡಿದೆ. ಕಾರ್ಡು ಇತ್ತು, ನಾನೇ ಕತ್ತರಿಸಿದೆ, ಬರೆದವರು ನೀಲಮ್ಮಣ್ಣಿ ಒಬ್ಬರೇ — ಎಂದೆ. ಹುಡುಗಿ, "ಸರ್, ಇದನ್ನ ಕ್ಯಾಮೆರಾ ಮುಂದೆ ಹೇಳಿ ಕಳಿಸ್ತೀರಾ? ಹಾಗಾದ್ರೆ ನಾಳೆ ಬೆಳಿಗ್ಗೆ ಹಾಕಿಸ್ತೀನಿ. ನಿಮ್ಮ ಹೆಸರೂ ಬರುತ್ತೆ, ಪರವಾಗಿಲ್ವಾ?" ಎಂದಳು. ಮದುವೆಯ ಕ್ಯಾಮೆರಾವನ್ನು ನನ್ನ ಕಡೆಗೇ ತಿರುಗಿಸಿಟ್ಟು ಹೇಳಿದೆ. ಎಡಿಟ್ ಮಾಡದೆ ಕಳಿಸಿದೆ. ಆಮೇಲೆ ಯಳಂದೂರಿಗೆ ಬಸ್ಸು ಹತ್ತಿದೆ. ಮಂಗಳ ರಜೆಯ ಕಾಗದ ಕೊಡಲು ಸ್ಕೂಲಿಗೆ ಹೋಗಿದ್ದಳು. ಟಿವಿಯಿಂದ ಅವಳಿಗೆ ಗೊತ್ತಾಗುವ ಮೊದಲು ನನ್ನ ಬಾಯಿಂದ ಗೊತ್ತಾಗಬೇಕಿತ್ತು.

ಸ್ಕೂಲಿನ ಬೇವಿನ ಮರದ ಕೆಳಗೆ ನಿಂತು ಕೇಳಿಸಿಕೊಂಡಳು. ಅಳಲಿಲ್ಲ, ಬೈಯಲಿಲ್ಲ. ಕೇಳಿದ್ದು ಒಂದೇ.

"ಸದಾನಂದ ಸಾರು ಇದಾರಾ?"

"ಇದಾರೆ. ಮೈಸೂರಿನಲ್ಲಿ. ವಯಸ್ಸಾಗಿದೆ."

"ನಾಳೆ ಓಗವ. ನೀವು ನಿಮ್ ತಪ್ಪಿಗೆ ಕ್ಷಮೆ ಕೇಳ್ಕಳಿ. ನಾನು ನಮ್ಮತ್ತೆದು ಕೇಳ್ಬೇಕು."

ನಿಮ್ಮತ್ತೆ ಕೇಳಬೇಕಾದ್ದು ಏನೂ ಇಲ್ಲ ಎನ್ನಲು ಹೋದೆ. "ಬಾಗ್ಲಿಂದ ಕಳ್ಸಿದ್ದು ಅವ್ರೇ ತಾನೆ. ಸತ್ಮೇಲೂ ಅದು ಅವ್ರ್ ಮೇಲೇ ಇರ್ಬೇಕಾ?" ಎಂದಳು. ಅಣ್ಣ ಎನ್ನಲಿಲ್ಲ. ಆಗಿನಿಂದ ಇವತ್ತಿನವರೆಗೂ ಅಂದಿಲ್ಲ.

ಮರುದಿನ ಬೆಳಿಗ್ಗೆ ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನ ಹೋಟೆಲಿನ ಟಿವಿಯಲ್ಲಿ ಆ ಸಾಲು ಬಂತು. 'ಗೂಡಿನ ಮನೆ ಧಾರಾವಾಹಿಯ ಲೇಖಕಿ ಧನಗೆರೆ ನೀಲಮ್ಮಣ್ಣಿ: ಸಂಕಲನಕಾರ ಮಾದೇಶ್ ಸ್ಪಷ್ಟನೆ'. ಸ್ಪಷ್ಟನೆ! ನಾನು ಹೇಳಿದ್ದು ಕತ್ತರಿಸಿದೆ ಎಂದು, ತಪ್ಪು ಮಾಡಿದೆ ಎಂದು. ತಪ್ಪು ಎಂದರೆ ಚಾನೆಲ್ಲಿನ ಮೇಲೂ ಬರುತ್ತದಲ್ಲ, ಅದಕ್ಕೆ ಅದನ್ನು ಹೀಗೆ ನುಣ್ಣಗೆ ತೊಳೆದಿದ್ದರು. ಕ್ಷಮೆ ಇಲ್ಲ, ಕೊಳಲಿಲ್ಲ, ನಟ ಹೇಳಿದ್ದು ಸುಳ್ಳು ಎಂಬ ಮಾತಿಲ್ಲ. ನಾನು ಒಂದು ಕಾರ್ಡು ಕಿತ್ತೆ, ಸರಿ. ಆದರೆ ಅವರು ಬದುಕಿದ್ದಷ್ಟು ವರ್ಷ, ಅವರ ಮಾತನ್ನು ಮಾರಿ ಉಂಡವರಲ್ಲಿ ಒಬ್ಬನಾದರೂ, ಇದನ್ನು ಬರೆದವರು ಯಾರು, ಎಲ್ಲಿದ್ದಾರೆ ಎಂದು ಕೇಳಿದನೇ? ನನ್ನ ತಪ್ಪು ಅವರ ತಪ್ಪಿಗೆ ಬಾಗಿಲು ತೆರೆಯಿತು, ಅಷ್ಟೆ. ಒಳಗೆ ನಡೆದುಕೊಂಡು ಹೋದ ಕಾಲು ಅವರದೇ. ಇದನ್ನು ಹೇಳಲು ಎಲ್ಲರಿಗಿಂತ ಕಡಿಮೆ ಹಕ್ಕಿರುವವನು ನಾನು ಎಂಬುದೂ ಗೊತ್ತು. ಆದರೂ ಹೇಳುತ್ತೇನೆ.

ಮಂಗಳ ಟಿವಿಯ ಕೆಳಗೆ ನಿಂತು, ಆ ಸಾಲು ಸುತ್ತಿ ಮತ್ತೆ ಬರುವವರೆಗೂ ಕಾದು, ಮತ್ತೊಮ್ಮೆ ಓದಿದಳು. ಟೀ ಕುಡಿಯುತ್ತಿದ್ದವರು ಅವಳು ಅಡ್ಡ ನಿಂತಳೆಂದು ಗೊಣಗಿದರು. ಆಮೇಲೆ ಬಸ್ಸು ಹತ್ತಿ ಮುಂದೆ ಹೆಂಗಸರ ಸೀಟಿನಲ್ಲಿ ಕೂತಳು. ನಾನು ಹಿಂದೆ.

ಸದಾನಂದ ಸರ್ ಮನೆಯಲ್ಲಿ ಅವಳು ಅವರ ಕಾಲು ಮುಟ್ಟಿ ಹೇಳಿದಳು. "ನಮ್ಮತ್ತೆ ನಿಮ್ಮನ್ನ ನೀರೂ ಕೊಡ್ದೆ ಕಳ್ಸಿದ್ರು ಸಾ. ಅವ್ರಿಗೆ ನಿಜ ಗೊತ್ತಿರ್ಲಿಲ್ಲ. ತಪ್ಪಾಯ್ತು." ಆ ಮುದುಕರು ತುಂಬ ಹೊತ್ತು ಕನ್ನಡಕ ಒರೆಸಿದರು. ನಾನು ನನ್ನದನ್ನು ಹೇಳಿದೆ. ಕೇಳಿ ಅವರೆಂದರು, "ಯಾವುದಾದರೂ ತೆಗಿ ಅಂದವನು ನಾನೇ ಅಲ್ವೇನಪ್ಪ. ಯಾವುದು ತೆಗೆದೆ ಅಂತ ನಾನೂ ನೋಡಲಿಲ್ಲ." ಒಳ್ಳೆಯತನದಿಂದ ನನ್ನ ಕೈಗೆ ಒಂದು ಊರುಗೋಲು ಕೊಟ್ಟರು. ಹಿಡಿಯಬಹುದಿತ್ತು. ಅವರು ನೋಡಲಿಲ್ಲ, ನಿಜ. ನಾನು ನೋಡಿದ್ದೆ. ಒಂದೊಂದೇ ಕಾರ್ಡು ನಿಲ್ಲಿಸಿ ನೋಡಿದ್ದೆ.

ಹೊರಡುವಾಗ ಮಂಗಳ ಬ್ಯಾಗಿನಿಂದ ವಿಭೂತಿ ಹಚ್ಚಿದ, ತಿಥಿಗೆ ಕರೆಯುವ ಕಾಗದ ತೆಗೆದು ಸದಾನಂದ ಸರ್ ಕೈಗೆ ಕೊಟ್ಟಳು. "ಸೋಮವಾರ ಅತ್ತೆ ಆರಾಧನೆ ಸಾ, ಧನಗೆರೇಲಿ. ನೀವು ಬಂದು ಉಣ್ಬೇಕು. ಕಾರ್ ಕಳುಸ್ತೀವಿ." ಅವರು ಕಾಗದವನ್ನು ಕಣ್ಣಿಗೊತ್ತಿಕೊಂಡರು.

ನಾನು ಪಕ್ಕದಲ್ಲೇ ನಿಂತಿದ್ದೆ. ನನ್ನನ್ನು ಕರೆಯಲಿಲ್ಲ.